ವೈಲುವಾದ ಎರಡು ಹಾಳುಗಳು

ಹಾಳುಬಿದ್ದ ಸ್ಥಳಗಳಲ್ಲಿ ಎರಡು ಬಗೆಯುಂಟು. ಅರಮನೆ, ದೇಗುಲ, ಕೋಟೆ ಮೊದಲಾದುವು ತಮ್ಮ ಕಾಲದ ಜನರ ಬಾಳಿಗೂ ನಂಬಿಕೆಗೂ ಆಶ್ರಯವಾಗಿದ್ದು, ಕಾಲಗತಿಯಿಂದ ಕುಸಿದುಬಿದ್ದಿರುವುವು. ಇದು ಒಂದು ಬಗೆ. ಇತರರ ಅರಮನೆಯನ್ನೂ ಇತರರ ದೇಗುಲವನ್ನೂ ಅನುಕರಿಸಿ, ನೋಟಕರ ವಿನೋದಕ್ಕಾಗಿಯೇ ಕಟ್ಟಲ್ಪಟ್ಟು, ನೋಟಕರು ಬರುವುದು ನಿಂತೊಡನೆಯೇ ಹಾಳಾದುವು ಮತ್ತೊಂದು ಬಗೆ. ಮೊದಲನೆಯದನ್ನು ಕುರಿತು ಇತಿಹಾಸಕಾರರು ಬೇಕಾದಷ್ಟು ಬರೆದಿರುವರು. ಎರಡನೆಯದನ್ನು ಇತಿಹಾಸಕ್ಕೆ ತಕ್ಕ ವಸ್ತುವೆಂದು ಬಹುಮಂದಿ ಎಣಿಸುವುದಿಲ್ಲ. ಆದರೆ ಈ ಎರಡು ಬಗೆಯ ಹಾಳುಗಳೂ ಒಂದೇ ನೆಲದಲ್ಲಿ, ಒಂದರ ಮೇಲೊಂದಾಗಿ ಬಿದ್ದ ಸ್ಥಳವೊಂದು ಪೆಸಿಫಿಕ್ ಮಹಾಸಾಗರದ ನಡುವೆ ಇರುವುದು.

ಅದು ಹವಾಯಿ ದ್ವೀಪಸಮೂಹಕ್ಕೆ ಸೇರಿದ ಕವಾಯಿ ದ್ವೀಪದ ವೈಲುವಾ. ಅಲ್ಲಿ 1953ರಿಂದ 1992ರವರೆಗೆ ಕೋಕೋ ಪಾಮ್ಸ್ ಎಂಬ ಹೋಟೆಲೊಂದು ಪಾಲಿನೇಷಿಯದ ಸೊಗಸಿಗೆಲ್ಲ ತವರೆಂದು ಹೆಸರು ಪಡೆದು ದೇಶಾಂತರಗಳಿಂದ ಪ್ರವಾಸಿಗಳನ್ನು ಸೆಳೆಯುತ್ತಿದ್ದಿತು. ಅದಕ್ಕೂ ಹಿಂದೆ ಶತಮಾನಗಳ ಕಾಲ ಅದೇ ನದೀತೀರದಲ್ಲಿ ಆ ದ್ವೀಪದ ಅರಸುಮನೆತನದ ಪೀಠವಿದ್ದಿತು. ಹೋಟೆಲಿನ ಹಾಳನ್ನು ನೋಡಬೇಕೆಂದು ಹೋದವರು ಹಲವರು. ಅರಸುಪೀಠದ ಹಾಳನ್ನು ನೋಡಬೇಕೆಂದು ಹೋದವರು ಕೆಲವರು. ಎರಡನ್ನೂ ಒಟ್ಟಿಗೆ ನೋಡಿದರೆ ತಿಳಿದುಬರುವುದೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ಸನ್ನಿವೇಶವನ್ನು ಹೇಳತಕ್ಕದ್ದು. ಕವಾಯಿ ದ್ವೀಪದ ನಡುವೆ ವೈಯಾಲೆಯಾಲೆ ಎಂಬ ಬೆಟ್ಟವಿದೆ. ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಮಳೆ ಬೀಳುವ ಸ್ಥಳಗಳಲ್ಲಿ ಅದು ಒಂದು. ಆ ಮಳೆಯ ನೀರು ವೈಲುವಾ ನದಿಯಾಗಿ ಪೂರ್ವಾಭಿಮುಖವಾಗಿ ಹರಿದು ಸಮುದ್ರವನ್ನು ಸೇರುವುದು. ಯಾತ್ರಿಕನು ಲಿಹೂಯೆ ಪಟ್ಟಣದಿಂದ ಕರಾವಳಿಯ ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಕೆಲವು ಮೈಲಿಗಳಲ್ಲಿಯೇ ಈ ನದಿಯ ಸೇತುವೆ ಸಿಕ್ಕುವುದು. ಸೇತುವೆಯನ್ನು ದಾಟಿದೊಡನೆ ಬಲಗಡೆ ಕಡಲು. ಎಡಗಡೆ ಎತ್ತರವಾಗಿ ಬೆಳೆದ ಹಳೆಯ ತೆಂಗಿನ ತೋಪು. ಕೋಕೋ ಪಾಮ್ಸ್ ಹೋಟೆಲು ಇದ್ದುದು ಈ ತೋಪಿನಲ್ಲಿ.

ಆದರೆ ಸೇತುವೆಯನ್ನು ದಾಟುವ ಮೊದಲೇ ಯಾತ್ರಿಕನು ನಿಲ್ಲುವುದು ಒಳ್ಳೆಯದು. ನದಿಯು ಕಡಲನ್ನು ಕೂಡುವ ಕಡೆ, ದಕ್ಷಿಣದ ದಡದಲ್ಲಿ, ಮರಳಿನ ಮೇಲೆ ಉದ್ದವಾದ ಕಲ್ಲುಗೋಡೆಯ ಅವಶೇಷವೊಂದು ಕಾಣುವುದು. ಅದರ ಹೆಸರು ಹಿಕಿನಾಕಲಾ. ಸೂರ್ಯನ ಉದಯವೆಂದು ಅದರ ಅರ್ಥ. ಹವಾಯಿಯ ಭಾಷೆಯಲ್ಲಿ ದೇವಸ್ಥಾನಕ್ಕೆ ಹೇಯಾವು ಎಂದು ಹೆಸರು. ಗಾರೆಯನ್ನು ಬಳಸದೆ ಕಲ್ಲಿನ ಮೇಲೆ ಕಲ್ಲನ್ನು ಹೊಂದಿಸಿ ಗೋಡೆಯೆತ್ತಿ, ಒಳಗೆ ಕಲ್ಲುಹಾಸನ್ನು ಮಾಡಿ, ಅದರ ಮೇಲೆ ಹುಲ್ಲಿನ ಮನೆಗಳನ್ನೂ ಮರದಲ್ಲಿ ಕೆತ್ತಿದ ದೇವತಾವಿಗ್ರಹಗಳನ್ನೂ ನಿಲ್ಲಿಸುವುದು ಅಲ್ಲಿಯ ಪದ್ಧತಿ. ಹಿಕಿನಾಕಲಾದ ಪಕ್ಕದಲ್ಲಿಯೇ ಹೌವೋಲಾ ಎಂಬ ಅಭಯಸ್ಥಾನವಿದ್ದಿತು. ಕಪು ಎಂಬ ವಿಧಿನಿಷೇಧಗಳನ್ನು ಮೀರಿದವನೂ ಯುದ್ಧದಲ್ಲಿ ಸೋತು ಓಡಿಬಂದವನೂ ಅದರೊಳಗೆ ಕಾಲಿಟ್ಟನಾದರೆ ಅವನನ್ನು ಕೊಲ್ಲತಕ್ಕವರಿಲ್ಲ. ಅದೇ ದಡದಲ್ಲಿ ಒಳಕ್ಕೆ ಸರಿದರೆ ಮಲಾಯೆ ಎಂಬ ದೇವಸ್ಥಾನ. ಸುಮಾರು 324 ಅಡಿ ಉದ್ದ, 273 ಅಡಿ ಅಗಲವುಳ್ಳ ಇದು ಕವಾಯಿಯ ಹೇಯಾವುಗಳಲ್ಲೆಲ್ಲ ದೊಡ್ಡದು.

ನದಿಯ ಉತ್ತರದ ದಡದಲ್ಲಿ, ತೆಂಗಿನ ತೋಪಿಗೆ ಸಮೀಪವಾಗಿ, ಹೋಲೋಹೋಲೋಕೂ ಎಂಬ ಮತ್ತೊಂದು ದೇವಸ್ಥಾನವೂ ಅದರ ಬಳಿ ಒಂದು ಪ್ರಸೂತಿಶಿಲೆಯೂ ಇರುವುವು. ಕವಾಯಿಯ ರಾಜಪತ್ನಿಯರು ಹೆರಿಗೆಯ ಕಾಲಕ್ಕೆ ಈ ಶಿಲೆಗೆ ಬಂದು ಅದನ್ನು ಒರಗಿಕೊಂಡು ಮಕ್ಕಳನ್ನು ಹೆರುತ್ತಿದ್ದರು. ಶಿಶುವಿನ ಹೊಕ್ಕುಳಬಳ್ಳಿಯನ್ನು ಸುತ್ತಿ ಬಂಡೆಯ ಸೀಳಿನಲ್ಲಿ ಭದ್ರಪಡಿಸುತ್ತಿದ್ದರು. ಅದನ್ನು ಇಲಿಯು ಕದ್ದೊಯ್ದರೆ ಮಗು ಕಳ್ಳನಾಗುವುದೆಂದು ನಂಬಿಕೆ. ಮೇಲಿನ ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ಧ್ವನಿಗೊಡುವ ಕಲ್ಲೊಂದಿದ್ದು, ರಾಜಕುಮಾರನ ಜನನವನ್ನು ಅದರ ನಾದದಿಂದ ಊರಿಗೆಲ್ಲ ಸಾರುತ್ತಿದ್ದರಂತೆ. ಅದೇ ಗುಡ್ಡದ ಮೇಲೆ ಪೋಲಿಯಾಹು ಎಂಬ ದೇವಸ್ಥಾನ. ಹೀಗೆ ಹುಟ್ಟು, ಆಳಿಕೆ, ಪೂಜೆ, ಅಭಯ, ಇವೆಲ್ಲಕ್ಕೂ ಸ್ಥಾನಗಳು ನದಿಯನ್ನು ಅನುಸರಿಸಿ ಕಡಲಿನಿಂದ ಬೆಟ್ಟದ ಕಡೆಗೆ ಸಾಲಾಗಿ ಇದ್ದುವು. ಕಡಲತಡಿಯ ಮರಳಿನಲ್ಲಿ ಪೂರ್ವಿಕರ ಸಮಾಧಿಗಳೂ ಇದ್ದುವು. 1962ರಲ್ಲಿ ಅಮೆರಿಕ ಸಂಯುಕ್ತಸಂಸ್ಥಾನದ ಸರ್ಕಾರದವರು ಈ ದೇವಸ್ಥಾನಗಳ ಸಮೂಹವನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಅಂಗೀಕರಿಸಿದರು.

ಈ ಪೀಠದ ಕೊನೆಯ ಸ್ವತಂತ್ರ ಅರಸನು ಕೌಮುವಾಲಿಯಿ. ಹವಾಯಿಯ ಇತರ ದ್ವೀಪಗಳನ್ನೆಲ್ಲ ಗೆದ್ದು ಒಂದೇ ರಾಜ್ಯವನ್ನಾಗಿ ಮಾಡಿದ ಮೊದಲನೆಯ ಕಮೆಹಮೆಹನು ಕವಾಯಿಯನ್ನು ಹಿಡಿಯಬೇಕೆಂದು 1796ರಲ್ಲಿ ದಂಡೆತ್ತಿ ಹೊರಟಾಗ ಬಿರುಗಾಳಿಯು ಅವನ ದೋಣಿಗಳನ್ನು ಹಿಂದಿರುಗಿಸಿತು. 1804ರಲ್ಲಿ ಮತ್ತೆ ಸಿದ್ಧನಾದಾಗ ಸಾಂಕ್ರಾಮಿಕ ರೋಗವು ಅವನ ಸೈನ್ಯವನ್ನು ನಾಶಮಾಡಿತು. ಕಡೆಗೆ 1810ರಲ್ಲಿ ಕೌಮುವಾಲಿಯಿಯು ರಕ್ತಪಾತವಿಲ್ಲದೆ ಕಮೆಹಮೆಹನ ಸಾಮಂತನಾಗಲೊಪ್ಪಿದನು. 1819ರಲ್ಲಿ ಕಮೆಹಮೆಹನು ತೀರಿಕೊಂಡ ಬಳಿಕ ಅವನ ಮಗನೂ ರಾಣಿಯರೂ ಕಪು ನಿಯಮಗಳನ್ನು ತಾವಾಗಿಯೇ ಮುರಿದರು. ವಿಗ್ರಹಗಳು ಸುಡಲ್ಪಟ್ಟುವು, ದೇವಸ್ಥಾನಗಳು ಪೂಜೆಯಿಲ್ಲದೆ ಉಳಿದುವು. ಕ್ರೈಸ್ತ ಪಾದ್ರಿಗಳು ಅಲ್ಲಿಗೆ ಬಂದುದು ಅದರ ಮುಂದಿನ ವರ್ಷ, 1820ರಲ್ಲಿ. ಹಳೆಯ ಧರ್ಮವನ್ನು ಹೊರಗಿನವರು ಬಂದು ಕೆಡಹಿದರೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ವರ್ಷಗಳ ಕ್ರಮವನ್ನು ನೋಡಿದರೆ ಸಂಗತಿಯು ಅಷ್ಟು ಸರಳವಾಗಿಲ್ಲ. 1821ರಲ್ಲಿ ಕೌಮುವಾಲಿಯಿಯನ್ನು ಓವಾಹು ದ್ವೀಪಕ್ಕೆ ಕರೆದೊಯ್ದು, ಕಮೆಹಮೆಹನ ವಿಧವೆಯಾದ ಕಾಹುಮಾನು ರಾಣಿಯು ಅವನನ್ನು ವಿವಾಹವಾದಳು. ಅವನು ಕವಾಯಿಗೆ ಮತ್ತೆ ಅರಸನಾಗಿ ಹಿಂದಿರುಗದೆ 1824ರಲ್ಲಿ ಕಾಲವಾದನು.

ಅವನ ಪತ್ನಿಯರಲ್ಲಿ ಕಪೂಲೆ ಎಂಬಾಕೆ ಕವಾಯಿಯಲ್ಲಿಯೇ ಉಳಿದಳು. ಪಾದ್ರಿಗಳಿಂದ ಓದುಬರಹವನ್ನು ಕಲಿತು, ಕ್ರೈಸ್ತಮತವನ್ನು ಸ್ವೀಕರಿಸಿ, ಡೆಬೊರಾ ಎಂಬ ಹೆಸರನ್ನು ಪಡೆದು, ವೈಲುವಾದ ತೀರದಲ್ಲಿ ಮನೆಮಾಡಿಕೊಂಡು 1853ರವರೆಗೆ ಬದುಕಿದಳು. ಆಕೆಯ ಮನೆಯ ಬಳಿ ಮೀನನ್ನು ಸಾಕುವ ಕೊಳಗಳಿದ್ದುವು. ಕಡಲಿಗೂ ಗದ್ದೆಗೂ ನಡುವೆ ನೀರನ್ನು ತಡೆದು ಮೀನು ಬೆಳೆಯುವುದು ಹವಾಯಿಯ ಜನರ ಪುರಾತನ ಕೌಶಲ. ಮೇಲೆ ಕೆಸುವಿನ ಗದ್ದೆ, ಕೆಳಗೆ ಮೀನಿನ ಕೊಳ, ಇವೆರಡರಿಂದ ಊರಿಗೆ ಅನ್ನ. ದಾರಿಗರಿಗೆ ಈ ರಾಣಿಯ ಮನೆಯ ಬಾಗಿಲು ಸದಾ ತೆರೆದಿರುತ್ತಿದ್ದಿತು. 1840ರಲ್ಲಿ ಅಮೆರಿಕದ ಅನ್ವೇಷಕ ನೌಕಾತಂಡದವರು ಕವಾಯಿಗೆ ಬಂದಿದ್ದಾಗಿನ ವೃತ್ತಾಂತದಲ್ಲಿ ಆಕೆಯ ಪ್ರಸ್ತಾಪವೂ ಆ ಕೊಳಗಳ ಪ್ರಸ್ತಾಪವೂ ಬರುವುವು. ಈ ಕೊಳಗಳನ್ನು ವಾಚಕರು ಜ್ಞಾಪಕದಲ್ಲಿಡಬೇಕು; ಅವು ಮುಂದೆ ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುವುವು.

ಅನಂತರದ ಕಾಲವು ಆ ಜನರಿಗೆ ಕಷ್ಟದ್ದು. 1893ರ ಜನವರಿಯಲ್ಲಿ ಲಿಲಿಯುವೊಕಲಾನಿ ರಾಣಿಯು ಪದಚ್ಯುತಳಾದಳು. 1898ರಲ್ಲಿ ದ್ವೀಪಗಳು ಅಮೆರಿಕ ಸಂಯುಕ್ತಸಂಸ್ಥಾನಕ್ಕೆ ಸೇರಿಸಲ್ಪಟ್ಟುವು. ಇವೆರಡರ ನಡುವೆ, 1896ರಲ್ಲಿ, ಶಾಲೆಗಳಲ್ಲಿ ಇಂಗ್ಲಿಷೇ ಬೋಧನಭಾಷೆಯಾಗಿರತಕ್ಕದ್ದೆಂದು ಶಾಸನವಾಯಿತು. ರಾಜ್ಯವನ್ನು ಕಳೆದುಕೊಂಡ ಜನ ಮತ್ತೆ ತಲೆಯೆತ್ತಿದುದುಂಟು. ಆದರೆ ಮಕ್ಕಳ ಬಾಯಿಂದ ಭಾಷೆಯು ತಪ್ಪಿಹೋದರೆ ಕಲ್ಲಿನ ಹೆಸರು ಕಲ್ಲಿಗೇ ಉಳಿಯುವುದು, ಅದನ್ನು ಕರೆಯುವವರು ಇರುವುದಿಲ್ಲ. ಪಾಠಶಾಲೆಯಲ್ಲಿ ಕಲಿತು ಪಾಠ ಹೇಳುತ್ತಲೇ ಕಾಲಕಳೆದವನಿಗೆ ಈ ಶಾಸನವು ಸಿಂಹಾಸನದ ಪತನಕ್ಕಿಂತಲೂ ಭಾರವಾಗಿ ತೋರುವುದು. ವೈಲುವಾದ ಆ ದೊಡ್ಡ ತೆಂಗಿನ ತೋಪನ್ನು ಕೊಬ್ಬರಿಯ ವ್ಯಾಪಾರಕ್ಕೆಂದು ಯೂರೋಪಿಯನ್ನನೊಬ್ಬನು ನೆಟ್ಟುದೂ ಅದೇ 1896ರಲ್ಲಿ ಎಂದು ಹೇಳುವರು. ವ್ಯಾಪಾರವು ಕೈಗೂಡಲಿಲ್ಲ, ಮರಗಳು ಮಾತ್ರ ಬೆಳೆದುವು.

ಇನ್ನು ಹೋಟೆಲಿನ ಚರಿತ್ರೆಗೆ ಬರುವ ಮೊದಲು, ಅದನ್ನು ಹುಟ್ಟಿಸಿದ ಅಭಿರುಚಿಯು ಎಲ್ಲಿಂದ ಬಂದಿತೆಂಬುದನ್ನು ಹೇಳಬೇಕು. ಅದು ಹವಾಯಿಯಲ್ಲಿ ಹುಟ್ಟಿದುದಲ್ಲ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯದ ಕೆಲವು ಪಾನಗೃಹಗಳಲ್ಲಿ ಬಿದಿರು, ಚಾಪೆ, ಮೀನಿನ ಬಲೆ, ಮರದ ಮುಖವಾಡ ಮೊದಲಾದುವನ್ನು ತೂಗುಹಾಕಿ ದಕ್ಷಿಣಸಮುದ್ರದ ದ್ವೀಪವೊಂದನ್ನು ಕಲ್ಪಿಸಿದುದು ಅದರ ಪ್ರಾರಂಭ. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಅಮೆರಿಕನ್ ಸೈನಿಕರು ಪೆಸಿಫಿಕ್ ದ್ವೀಪಗಳನ್ನು ಕಂಡುಬಂದರು. ಯುದ್ಧದ ಘೋರವು ಹಿಂದೆ ಸರಿದಂತೆ ತೆಂಗೂ ಮರಳೂ ನೆನಪಿನಲ್ಲಿ ಮುಂದೆ ಬಂದುವು. 1947ರಲ್ಲಿ ಪ್ರಕಟವಾದ ಜೇಮ್ಸ್ ಮಿಚೆನರನ ದಕ್ಷಿಣ ಪೆಸಿಫಿಕ್ಕಿನ ಕಥೆಗಳೂ, ಅದೇ ವರ್ಷ ಥಾರ್ ಹೆಯೆರ್ಡಾಲನು ಕಾನ್‌ಟಿಕಿ ಎಂಬ ತೆಪ್ಪದಲ್ಲಿ ಮಾಡಿದ ಸಮುದ್ರಯಾನವೂ ಈ ಕುತೂಹಲವನ್ನು ಹೆಚ್ಚಿಸಿದುವು. 1959ರಲ್ಲಿ ಹವಾಯಿಯು ಅಮೆರಿಕದ ರಾಜ್ಯಗಳಲ್ಲೊಂದಾಯಿತು; ಜೆಟ್ ವಿಮಾನಗಳ ಸಂಚಾರವೂ ಅದೇ ವರ್ಷ ಅಲ್ಲಿಗೆ ಮೊದಲಾಯಿತು. ಪಾನಗೃಹದಲ್ಲಿ ಕುಳಿತು ಕಲ್ಪಿಸಿಕೊಂಡಿದ್ದ ದ್ವೀಪವನ್ನು ಹುಡುಕಿಕೊಂಡು ಜನ ನಿಜವಾದ ದ್ವೀಪಕ್ಕೆ ಬಂದಿಳಿದರು. ಬಂದವರಿಗೆ ತಾವು ಕಲ್ಪಿಸಿದುದೇ ಕಾಣಬೇಕಾಗಿದ್ದಿತು. ಟಿಕಿ ಎಂಬ ಹೆಸರೇ ಇದಕ್ಕೆ ನಿದರ್ಶನ. ಅದು ಮಾವೋರಿ ಮೊದಲಾದ ದಕ್ಷಿಣದ ಭಾಷೆಗಳ ಮಾತು. ಹವಾಯಿಯವರು ವಿಗ್ರಹವನ್ನು ಕಿಯಿ ಎನ್ನುವರು. ಪ್ರವಾಸಿಗಳ ಬಾಯಲ್ಲಿ ಎಲ್ಲ ದ್ವೀಪಗಳ ಎಲ್ಲ ದೇವರುಗಳೂ ಟಿಕಿ ಎಂಬ ಒಂದೇ ಹೆಸರಿನವಾದುವು.

ಕೋಕೋ ಪಾಮ್ಸ್ ತೆರೆದುದು 1953ರ ಜನವರಿಯಲ್ಲಿ, 24 ಕೊಠಡಿಗಳಿಂದ. ಅದನ್ನು ನಡೆಸಲು ಬಂದ ಗ್ರೇಸ್ ಬುಷರ್ ಎಂಬಾಕೆಯು, ಮುಂದೆ ಅದರ ಒಡೆಯನಾದ ಲೈಲ್ ಗಸ್ಲಾಂಡರನನ್ನು ವಿವಾಹವಾದವಳು, ಅಸಾಧಾರಣ ಕಲ್ಪಕತೆಯುಳ್ಳವಳಾಗಿದ್ದಳು. ಸ್ಥಳದಲ್ಲಿದ್ದ ತೆಂಗಿನ ತೋಪು, ರಾಣಿಯ ಕೊಳಗಳು, ಅರಸರ ನೆನಪು, ಇವು ಮೂರೂ ಆಕೆಯ ಕೈಯಲ್ಲಿ ನಾಟಕದ ಪರಿಕರಗಳಾದುವು. ಮೀನಿನ ಕೊಳಗಳು ವಿಹಾರದ ಸರೋವರಗಳಾದುವು. ದೊಡ್ಡ ಕಪ್ಪೆಚಿಪ್ಪುಗಳು ಕೊಠಡಿಗಳಲ್ಲಿ ಕೈತೊಳೆಯುವ ಬೋಗುಣಿಗಳಾದುವು. ಪ್ರಖ್ಯಾತರಾದ ಅತಿಥಿಗಳಿಂದ ತೆಂಗಿನ ಸಸಿಗಳನ್ನು ನೆಡಿಸಿ ಹೆಸರಿನ ಫಲಕಗಳನ್ನು ಹಾಕಿದರು. ಎಲ್ಲಕ್ಕಿಂತಲೂ ಹೆಸರಾದುದು ಸಾಯಂಕಾಲದ ಪಂಜಿನ ಉತ್ಸವ. ಸೂರ್ಯನು ಮುಳುಗುವ ಹೊತ್ತಿಗೆ ಶಂಖದ ಧ್ವನಿಯಾಗುವುದು. ನಗಾರಿಯ ಪೆಟ್ಟು ಕೇಳಿಸುವುದು. ಕೆಂಪು ಕಚ್ಚೆಯುಟ್ಟ ತರುಣರು ಉರಿಯುವ ಪಂಜುಗಳನ್ನು ಹಿಡಿದು ತೋಪಿನ ಕತ್ತಲಲ್ಲಿ ಓಡುತ್ತ ಒಂದೊಂದಾಗಿ ದೀವಿಗೆಗಳನ್ನು ಹೊತ್ತಿಸುವರು. ಅವುಗಳ ಬಿಂಬವು ಕೊಳದ ನೀರಿನಲ್ಲಿ ಮೂಡುವುದು. ಪುರಾತನ ರಾಜರ ಪದ್ಧತಿಯೆಂದು ತೋರುವಂತಿದ್ದ ಈ ಉತ್ಸವವು ಹೋಟೆಲಿನಲ್ಲಿಯೇ ರೂಪುಗೊಂಡುದು. ಹವಾಯಿಯ ಇತರ ಹೋಟೆಲುಗಳೂ ಅದನ್ನು ಅನುಕರಿಸಿದುವು. ಅನುಕರಣಕ್ಕೂ ಅನುಕರಣವು ಹುಟ್ಟಿದುದು ಹೀಗೆ.

ಅಲ್ಲಿದ್ದ ಕ್ರೈಸ್ತ ಪ್ರಾರ್ಥನಾಮಂದಿರದ ಕಥೆಯು ಇನ್ನೂ ವಿಚಿತ್ರವಾದುದು. 1953ರಲ್ಲಿ ಮಿಸ್ ಸೇಡೀ ಥಾಂಪ್ಸನ್ ಎಂಬ ಚಲಚ್ಚಿತ್ರಕ್ಕಾಗಿ ಅದನ್ನು ಕಟ್ಟಿದರು. ಚಿತ್ರದವರು ಹೊರಟುಹೋದ ಮೇಲೆ ಕಟ್ಟಡವು ಹೋಟೆಲಿಗೆ ಉಳಿಯಿತು. ಅದರಲ್ಲಿ ನಿಜವಾದ ಮದುವೆಗಳು ನಡೆದುವು. 1961ರಲ್ಲಿ ಬ್ಲೂ ಹವಾಯಿ ಎಂಬ ಚಿತ್ರದ ಕೊನೆಯಲ್ಲಿ ಎಲ್ವಿಸ್ ಪ್ರೀಸ್ಲಿಯ ವಿವಾಹವನ್ನು ಈ ಸರೋವರದಲ್ಲಿ, ಜೋಡಿದೋಣಿಯ ಮೇಲೆ, ಹೂಮಾಲೆಗಳ ನಡುವೆ ಚಿತ್ರಿಸಿದರು. ಆ ಬಳಿಕ ಅದೇ ರೀತಿಯಲ್ಲಿ ಮದುವೆಯಾಗಬೇಕೆಂದು ದೂರದೇಶಗಳಿಂದ ವಧೂವರರು ಬರತೊಡಗಿದರು. ಹೋಟೆಲು ಬೆಳೆದು ಸುಮಾರು 400 ಕೊಠಡಿಗಳಾದುವು. ರಾಣಿಯು ಊರಿನ ಅನ್ನಕ್ಕಾಗಿ ಮೀನು ಸಾಕಿದ ನೀರಿನ ಮೇಲೆ ಇಷ್ಟೆಲ್ಲ ನಡೆಯಿತು.

ಇದನ್ನು ಕೇಳಿ ಇದೆಲ್ಲ ಬರಿಯ ವಂಚನೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಇತಿಹಾಸವನ್ನು ಬರೆಯುವವನು ಇನ್ನೊಂದು ಪಕ್ಷವನ್ನೂ ನೋಡತಕ್ಕದ್ದು. ಪಂಜು ಹಿಡಿದು ಓಡಿದವರೂ, ಅಡಿಗೆ ಮಾಡಿದವರೂ, ಹಾಡಿದವರೂ, ದೋಣಿ ನಡೆಸಿದವರೂ ಬಹುಮಟ್ಟಿಗೆ ಆ ದ್ವೀಪದ ಜನರೇ. ಕಬ್ಬಿನ ತೋಟಗಳ ದುಡಿಮೆಯ ಹೊರತು ಹೆಚ್ಚು ಜೀವನೋಪಾಯಗಳಿಲ್ಲದಿದ್ದ ಕವಾಯಿಯಲ್ಲಿ ಹೋಟೆಲು ಅನೇಕ ಕುಟುಂಬಗಳಿಗೆ ಅನ್ನವನ್ನು ಕೊಟ್ಟಿತು. ಕಾಹುಮಾನು ರಾಣಿಯು ಕ್ರೈಸ್ತಳಾದ ಬಳಿಕ 1830ರಲ್ಲಿ ಬಹಿರಂಗವಾದ ಹೂಲಾ ನೃತ್ಯವನ್ನು ನಿಷೇಧಿಸಿದ್ದಳು. 1883ರಲ್ಲಿ ಕಲಾಕೌವ ರಾಜನು ತನ್ನ ಪಟ್ಟಾಭಿಷೇಕದಲ್ಲಿ ಅದನ್ನು ಬಹಿರಂಗವಾಗಿ ಆಡಿಸಿ ಅದಕ್ಕೆ ಮತ್ತೆ ಗೌರವವನ್ನು ತಂದನು. ರಂಗಸ್ಥಳವಿಲ್ಲದೆ ಕಲೆಯು ಉಳಿಯುವುದು ಕಷ್ಟ; ಹೋಟೆಲುಗಳ ರಂಗಸ್ಥಳವು ಎಷ್ಟೇ ಲಘುವಾಗಿದ್ದರೂ ರಂಗಸ್ಥಳವೇ. ವೇಷಧಾರಿಯು ವೇಷದಲ್ಲಿರುವಾಗಲೂ ಅವನ ಉಸಿರು ನಿಜವಾದುದು. ಕೋಕೋ ಪಾಮ್ಸಿನಲ್ಲಿ ಕೆಲಸಮಾಡಿದವರೂ ಅಲ್ಲಿ ಮದುವೆಯಾದವರೂ ಆ ಸ್ಥಳವನ್ನು ನೆನೆದು ಇಂದಿಗೂ ಮರುಗುವರೆಂದರೆ ಆ ಮರುಕವನ್ನು ಹುಸಿಯೆನ್ನಲಾಗದು. ಸುಮಾರು ನಲವತ್ತು ವರ್ಷಗಳ ಬಾಳು ತಾನೇ ಒಂದು ಇತಿಹಾಸವಾಗುವುದು.

ಆದರೆ ಒಂದು ಭೇದವುಂಟು; ಅದನ್ನು 1992ನೆಯ ಇಸವಿಯು ಹೊರಪಡಿಸಿತು. ಆ ವರ್ಷದ ಸೆಪ್ಟೆಂಬರ್ 11ರಂದು ಇನಿಕಿ ಎಂಬ ಚಂಡಮಾರುತವು ಕವಾಯಿಯ ಮೇಲೆ ಹಾದುಹೋಯಿತು. ದ್ವೀಪವನ್ನು ಮುಟ್ಟುವಾಗ ಗಾಳಿಯ ವೇಗವು ಗಂಟೆಗೆ ಸುಮಾರು 145 ಮೈಲಿ. ಆದ ನಷ್ಟವು ಸುಮಾರು 300 ಕೋಟಿ ಡಾಲರು. ಸಹಸ್ರಾರು ಮನೆಗಳು ಹಾಳಾದುವು. ಕೋಕೋ ಪಾಮ್ಸಿನ ಮಾಡುಗಳು ಕಿತ್ತುಹೋದುವು, ಹೋಟೆಲು ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ. ಗಾಳಿಗೆ ಸಿಕ್ಕಿದ ಕಟ್ಟಡಗಳನ್ನು ಹಿಂದಿನ ನಿಯಮಗಳ ಪ್ರಕಾರವೇ ಮತ್ತೆ ಕಟ್ಟಿಕೊಳ್ಳಬಹುದೆಂದು ದ್ವೀಪದ ಆಡಳಿತದವರು ವಿಶೇಷ ಸೌಲಭ್ಯವನ್ನು ಕೊಟ್ಟರೂ, ವಿಮೆಯ ವ್ಯಾಜ್ಯಗಳೂ ಒಡೆಯರ ಬದಲಾವಣೆಗಳೂ ಹಣದ ಕೊರತೆಯೂ ಒಂದರ ಹಿಂದೊಂದು ಬಂದುವು.

ಮುಂದಿನ ಎರಡು ದಶಕಗಳಿಗೂ ಮಿಕ್ಕ ಕಾಲದಲ್ಲಿ ಇದು ಹಾಳಾಗಿಯೇ ಪ್ರೇಕ್ಷಣೀಯವಾಗಿದ್ದಿತು. ಕೆಲವು ವರ್ಷಗಳ ಕಾಲ ಮಾರ್ಗದರ್ಶಿಗಳು ಯಾತ್ರಿಕರನ್ನು ಒಳಗೆ ಕರೆದೊಯ್ದು ತೋರಿಸುತ್ತಲೂ ಇದ್ದರು. ಒಳಹೊಕ್ಕವರಿಗೆ ಕಾಣುತ್ತಿದ್ದುದು ಬಾಗಿಲುಗಳಿಲ್ಲದ ಕೊಠಡಿಗಳ ಸಾಲು. ಕಾಂಕ್ರೀಟಿನ ಮೊಗಸಾಲೆಗಳ ಮೇಲೆ ಹಬ್ಬಿದ ಬಳ್ಳಿಗಳು. ಕೆಸರು ಕಟ್ಟಿದ ಸರೋವರ. ಅದರ ಮೇಲೆ ಶಿಥಿಲವಾದ ಕಾಲುಸೇತುವೆ. ಎಲ್ವಿಸನು ಇಳಿದುಕೊಂಡಿದ್ದ ಕುಟೀರವನ್ನು ಮಾರ್ಗದರ್ಶಿಯು ತೋರಿಸುವನು. ಯಾತ್ರಿಕರು ಅದರ ಮುಂದೆ ನಿಂತು ಛಾಯಾಚಿತ್ರವನ್ನು ತೆಗೆಯಿಸಿಕೊಳ್ಳುವರು. ಇಷ್ಟಾಗಿ ಹೊರಬಂದು ರಸ್ತೆಯಲ್ಲಿ ಸ್ವಲ್ಪ ದೂರ ಒಳನಾಡಿನ ಕಡೆಗೆ ನಡೆದರೆ ಪ್ರಸೂತಿಶಿಲೆಯು ಸಿಕ್ಕುವುದು. ಹೋಟೆಲಿನ ಹಾಳನ್ನು ಕಂಡು ಮರುಗಿದವರಲ್ಲಿ ಎಷ್ಟು ಮಂದಿ ಆ ಕೆಲವು ಹೆಜ್ಜೆಗಳನ್ನು ನಡೆದಿರುವರೋ ಹೇಳಲಾಗದು.

ಭೇದವೆಂದುದು ಇದು: ನೋಟಕರು ಬರುವುದು ನಿಂತ ದಿನವೇ ಪಂಜಿನ ಉತ್ಸವವು ನಿಂತಿತು, ಏಕೆಂದರೆ ಅದನ್ನು ನೋಡತಕ್ಕವರ ಹೊರತು ಅದಕ್ಕೆ ಬೇರೆ ಪ್ರಯೋಜನವಿರಲಿಲ್ಲ. ಪ್ರಸೂತಿಶಿಲೆಯ ಸುತ್ತಣ ಮನೆಗಳು ಎಂದೋ ಮಣ್ಣಾಗಿದ್ದರೂ, ಅದನ್ನು ಬಲ್ಲವರು ಅದರ ಹೆಸರನ್ನು ಹೇಳಿ ನಮಸ್ಕರಿಸುವುದು ನಿಲ್ಲಲಿಲ್ಲ. ಇನಿಕಿಯು ಅದಕ್ಕೆ ಮಾಡಬಹುದಾದ ಕೇಡು ಇರಲಿಲ್ಲ.

ಇತ್ತೀಚಿನ ವರ್ಷಗಳ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆನು. 2014ರ ಜುಲೈ 4ರಂದು ಹಾಳುಕಟ್ಟಡಗಳಿಗೆ ಬೆಂಕಿ ಬಿದ್ದಿತು. 2016ರಲ್ಲಿ ಕೆಲವು ಭಾಗಗಳನ್ನು ಕೆಡಹಿದರು. 2017ರಲ್ಲಿ ಮೂಲನಿವಾಸಿಗಳಲ್ಲಿ ಕೆಲವರು ಇದು ತಮ್ಮ ಪೂರ್ವಿಕರಿಂದ ಬಂದ ನೆಲವೆಂದು ಹೇಳಿ ಅಲ್ಲಿ ಬೀಡುಬಿಟ್ಟು ಗಿಡಗಳನ್ನು ನೆಟ್ಟರು. ನ್ಯಾಯಾಲಯದ ಆಜ್ಞೆಯ ಮೇರೆಗೆ 2018ರಲ್ಲಿ ಅವರನ್ನು ತೆರವು ಮಾಡಿಸಲಾಯಿತು. 2021ರಲ್ಲಿ ಸಾಲದ ಬಾಕಿಗಾಗಿ ನೆಲವು ಹರಾಜಿಗೆ ಬಂದು ಸುಮಾರು 2.2 ಕೋಟಿ ಡಾಲರಿಗೆ ಮಾರಾಟವಾಯಿತು. ಉಳಿದ ಕಟ್ಟಡಗಳನ್ನು 2023ರಿಂದ ಈಚೆಗೆ ಕೆಡಹಿದರು. ಸುಮಾರು 350 ಕೊಠಡಿಗಳ ಹೊಸ ಹೋಟೆಲೊಂದನ್ನು ಅದೇ ಸ್ಥಳದಲ್ಲಿ ಎಬ್ಬಿಸಬೇಕೆಂಬುದು ಈಗಿನ ಒಡೆಯರ ಸಂಕಲ್ಪ. ಇ ಓಲಾ ವೈಲುವಾನುಯಿ ಎಂಬ ಸ್ಥಳೀಯ ಸಂಘದವರು ಇದನ್ನು ಒಪ್ಪದೆ, ಆ ನೆಲವು ಕೊಳಗಳೊಡನೆ ಜನರ ಸಂಸ್ಕೃತಿಗೂ ವಿದ್ಯೆಗೂ ಮೀಸಲಾಗಿರಬೇಕೆಂದು ಹೋರಾಡುತ್ತಿರುವರು. ಎರಡು ಪಕ್ಷದವರೂ ಬಳಸುವ ಮಾತು ಒಂದೇ: ಪುನರುದ್ಧಾರ.

ಈ ಮಾತನ್ನು ನಮ್ಮ ಶಾಸ್ತ್ರದ ಕಡೆಯಿಂದ ಸ್ವಲ್ಪ ವಿಚಾರಿಸಬಹುದು. ಜೀರ್ಣೋದ್ಧಾರವೆಂಬ ಕರ್ಮವನ್ನು ಆಗಮಗಳು ವಿಧಿಸಿರುವುವು. ಅದಕ್ಕೆ ಅರ್ಹವಾಗುವುದು ಒಮ್ಮೆ ವಿಧಿಪೂರ್ವಕವಾಗಿ ಪ್ರತಿಷ್ಠೆಯಾದ ಸ್ಥಾನ. ಗೋಡೆ ಹೊಸದಾದರೂ, ಕಲ್ಲು ಬದಲಾದರೂ, ಯಾವ ಸಾನ್ನಿಧ್ಯಕ್ಕಾಗಿ ಮೊದಲು ಅದನ್ನು ಕಟ್ಟಿದರೋ ಆ ಸಾನ್ನಿಧ್ಯವು ಮುಂದುವರಿಯಬೇಕೆಂಬುದೇ ಅದರ ತಾತ್ಪರ್ಯ. ಈ ದೃಷ್ಟಿಯಿಂದ ವೈಲುವಾದಲ್ಲಿ ಉದ್ಧಾರವಾಗತಕ್ಕದ್ದು ಯಾವುದು? ಪಂಜಿನ ಉತ್ಸವವೇ, ಮೀನಿನ ಕೊಳವೇ? ಉತ್ಸವವನ್ನು ಪ್ರೀತಿಸಿದವರ ನೆನಪಿಗೆ ಒಂದು ಸ್ಥಾನವು ಸಲ್ಲುವುದು. ಹೋಟೆಲಿನ ಚಿತ್ರಗಳನ್ನೂ ಹಾಡುಗಳನ್ನೂ ಕಾಪಾಡುವುದು ಯೋಗ್ಯವೇ. ಆದರೆ ನೆಲವು ಮೊದಲು ಕೊಳಕ್ಕೆ ಸೇರಿದುದು. ಅನ್ನವನ್ನು ಬೆಳೆದ ನೀರು ಅನ್ನವನ್ನು ಬೆಳೆಯಲು ಹಿಂದಿರುಗುವುದೇ ಅದರ ಉದ್ಧಾರವೆಂದು ನನಗೆ ತೋರುವುದು.

ಈ ನದಿಗೂ ನಮ್ಮ ನಾಡಿಗೂ ನೇರವಾದ ಸಂಬಂಧವೊಂದಿರುವುದರಿಂದ ಅದನ್ನೂ ಇಲ್ಲಿ ಹೇಳುವುದು ಉಚಿತ. ತೋಪಿನಿಂದ ಕೆಲವು ಮೈಲಿ ಒಳಕ್ಕೆ, ವೈಲುವಾ ನದಿಯ ಮೇಲುಭಾಗದಲ್ಲಿ, ಶೈವ ಸಂನ್ಯಾಸಿಗಳ ಮಠವೊಂದು ಇದೆ. ಅಮೆರಿಕದಲ್ಲಿ ಹುಟ್ಟಿ ಶೈವದೀಕ್ಷೆಯನ್ನು ಪಡೆದ ಶಿವಾಯ ಸುಬ್ರಮುನಿಯಸ್ವಾಮಿಗಳು 1970ರಲ್ಲಿ ಅದನ್ನು ಸ್ಥಾಪಿಸಿದರು. ಅಲ್ಲಿ ಕಟ್ಟಿದ ಇರೈವನ್ ದೇವಾಲಯದ ಬಿಳಿಯ ಕಣಶಿಲೆಯ ಕಲ್ಲುಗಳನ್ನು ಕೆತ್ತಿದುದು ಬೆಂಗಳೂರಿನ ಬಳಿ. 1990ರಿಂದ ಮೊದಲುಗೊಂಡು ಶಿಲ್ಪಿಗಳು ಉಳಿ ಸುತ್ತಿಗೆಗಳಿಂದಲೇ ಒಂದೊಂದು ಕಂಬವನ್ನೂ ತೊಲೆಯನ್ನೂ ಕಂಡರಿಸಿ, ಹಡಗುಗಳಲ್ಲಿ ಮಹಾಸಾಗರವನ್ನು ದಾಟಿಸಿ ಕಳುಹಿಸಿದರು. ಸುಮಾರು ಮೂರು ದಶಕಗಳ ಬಳಿಕ, 2023ರಲ್ಲಿ, ಅದಕ್ಕೆ ಕುಂಭಾಭಿಷೇಕವಾಯಿತು. ಇದೂ ಹೊರಗಿನಿಂದ ಬಂದುದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಹುದು, ಬಂದುದೇ. ಆದರೆ ಅದು ಹವಾಯಿಯ ದೇವಸ್ಥಾನದ ವೇಷವನ್ನು ತಾಳಿ ಬಂದಿಲ್ಲ. ತನ್ನ ದೇವರನ್ನು ತನ್ನ ಹೆಸರಿನಿಂದಲೇ ಕರೆಯುವುದು. ನೋಡುವವರು ಒಬ್ಬರೂ ಇಲ್ಲದ ದಿನವೂ ಅಲ್ಲಿ ಪೂಜೆಯು ನಡೆಯುವುದು. ಅತಿಥಿಯಾಗಿ ಬಂದವನಿಗೆ ಇರಬೇಕಾದ ಧರ್ಮವು ಇಷ್ಟೇ: ತನ್ನನ್ನು ತಾನೆಂದೇ ಹೇಳಿಕೊಳ್ಳುವುದು, ಮನೆಯವರ ಹೆಸರನ್ನು ತಾನು ಇಟ್ಟುಕೊಳ್ಳದಿರುವುದು.

ಮನೆಯವರ ವಿಷಯದಲ್ಲಿ ಸಂತೋಷದ ಸಂಗತಿಯೊಂದನ್ನು ಹೇಳಬಹುದು. 1896ರ ಶಾಸನದಿಂದ ಶಾಲೆಗಳಲ್ಲಿ ನಿಂತುಹೋದ ಹವಾಯಿಯ ಭಾಷೆಗೆ 1978ರಲ್ಲಿ ಆ ರಾಜ್ಯದ ಅಧಿಕೃತ ಭಾಷೆಗಳಲ್ಲೊಂದೆಂಬ ಮಾನ್ಯತೆ ಬಂದಿತು. 1984ರಲ್ಲಿ, ಎಳೆಯ ಮಕ್ಕಳೊಡನೆ ಹಿರಿಯರು ಹವಾಯಿಯ ಭಾಷೆಯನ್ನೇ ಆಡುವ ಪೂನಾನಾ ಲೆಯೋ, ಎಂದರೆ ಭಾಷೆಯ ಗೂಡು, ಎಂಬ ಶಿಶುಶಾಲೆಯು ಮೊದಲು ತೆರೆದುದು ಇದೇ ಕವಾಯಿ ದ್ವೀಪದ ಕೆಕಹಾ ಎಂಬ ಊರಿನಲ್ಲಿ. ಆಗ ಕೋಕೋ ಪಾಮ್ಸ್ ಹೋಟೆಲು ತುಂಬಿ ನಡೆಯುತ್ತಿದ್ದಿತು. ಅದರ ಪಂಜುಗಳನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಿದ್ದರು. ಶಿಶುಶಾಲೆಯನ್ನು ನೋಡಲು ಯಾರೂ ಬಂದಿರಲಾರರು. ಈಗ ಅಲ್ಲಿ ಕಲಿತ ಮಕ್ಕಳೂ ಆ ಮಕ್ಕಳ ಮಕ್ಕಳೂ ಹಿಕಿನಾಕಲಾ ಎಂಬ ಹೆಸರನ್ನು ಓದಿದರೆ ಅದರ ಅರ್ಥವನ್ನು ಮಾರ್ಗದರ್ಶಿಯಿಂದ ಕೇಳಬೇಕಾಗಿಲ್ಲ.

ವೈಲುವಾಕ್ಕೆ ಇನ್ನು ಮುಂದೆ ಹೋಗುವ ನಮ್ಮವರು, ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರು ವಿಶೇಷವಾಗಿ, ಬೆಂಗಳೂರಿನ ಕಲ್ಲಿನ ದೇವಾಲಯವನ್ನು ನೋಡಿಯೇ ನೋಡುವರು. ಹಾಗೆ ಹೋಗುವಾಗ ದಾರಿಯ ಬದಿಯಲ್ಲಿ ಸಿಕ್ಕುವ ಪ್ರಸೂತಿಶಿಲೆಯ ಬಳಿಯೂ ಕ್ಷಣಕಾಲ ನಿಂತು, ಅದರ ಮೇಲೆ ಹತ್ತದೆ, ಅದನ್ನು ಮುಟ್ಟದೆ, ಅದಕ್ಕೂ ಕೈಮುಗಿದು ಮುಂದೆ ಸಾಗಬೇಕೆಂದು ಕೋರಿ ಈ ಲೇಖನವನ್ನು ಮುಗಿಸುವೆನು.